ಸೊನ್ನೆಯಿಂದ ಎರಡು ಮಹಡಿ ದೂರ

ಕಳೆದ ಆಷಾಢದ ಒಂದು ಗುರುವಾರ ಮಧ್ಯಾಹ್ನ ನನ್ನ ಮಗಳು ಶ್ರಾವಣಿ ಕಾಣೆಯಾದಳು. ಹೊರಗೆ ಕಳಿಸಿದವಳು ನಾನೇ. ನರಸಿಂಹನನ್ನು ನಂಬಿದ ನಿಮ್ಮೆದುರು ಅದನ್ನು ಮುಚ್ಚಿಡಲಾರೆ.

ನಾವು ಉಡುಪಿ ಕಡೆಯವರು. ಯಜಮಾನರದು ವಿಮಾ ಕಚೇರಿ ಕೆಲಸ, ವಾರವೆಲ್ಲ ಸೂರತ್‌ನಲ್ಲಿ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ನೆಲಮಹಡಿ ಫ್ಲ್ಯಾಟಿನಲ್ಲಿ ನಾನು ಮತ್ತು ಏಳನೇ ಕ್ಲಾಸಿನ ಅವಳು. ಅವಳಿಗೆ ಗಣಿತ ಹೇಳಿಕೊಡುವವಳೂ ನಾನೇ. ಒಂದು ಲೆಕ್ಕದಲ್ಲಿ ಎರಡು ನೆಟ್ಟಗೆರೆಗಳ ನಡುವೆ ಮೈನಸ್ ಎರಡು ಇತ್ತು, ಆ ಗೆರೆಗಳ ಅರ್ಥ ನನಗೆ ಗೊತ್ತಿರಲಿಲ್ಲ. ಉತ್ತರವೂ ಮೈನಸ್ ಎರಡೇ ಎಂದು ಬಾಯಿಪಾಠ ಮಾಡಿಸಿದೆ. ಟೆಸ್ಟಿನಲ್ಲಿ ತಪ್ಪಾಯಿತು, ಕ್ಲಾಸೆಲ್ಲ ನಕ್ಕಿತಂತೆ. ನೀನೇ ಹೇಳಿದ್ದು ಎಂದು ಅವಳು ಪೇಪರ್ ಚಾಚಿದಾಗ ನನಗೆ ಮೂಗಿನ ತುದಿಯಲ್ಲೇ ಕೋಪ.

"ಕಣ್ಣೆದುರು ನಿಲ್ಬೇಡ, ಹೋಗು" ಎಂದೆ.

ನಮ್ಮಲ್ಲಿ ಹೊರಡುವವರಿಗೆ 'ಹೋಗಿ ಬಾ' ಎನ್ನಬೇಕು. ಆ ದಿನ 'ಬಾ' ಎನ್ನಲಿಲ್ಲ.

ಒಂದು ಗಂಟೆ ಕಳೆಯಿತು. ಉಬ್ಬಸದ ಹುಡುಗಿ, ಇನ್‌ಹೇಲರ್ ಮೇಜಿನ ಮೇಲೇ ಇತ್ತು. ಎರಡು ಮಹಡಿ ಎಂದು ಹೇಳಿ ಲಿಫ್ಟ್ ಹತ್ತಿದಳೆಂದು ವಾಚ್‌ಮನ್ ರಮೇಶ್‌ಭಾಯಿ ಹೇಳಿದರು. ಎರಡನೇ ಮಹಡಿಯ ಗೆಳತಿಯ ಮನೆಯಲ್ಲಿ ಇರಲಿಲ್ಲ. ತಾರಸಿ, ಗೇಟು, ಆಟೋ ಸ್ಟ್ಯಾಂಡ್, ಎಲ್ಲಿಯೂ ಇಲ್ಲ. ಸೂರತ್‌ನಿಂದ ರೈಲು ಹತ್ತಿದ ಯಜಮಾನರು ಫೋನಿನಲ್ಲಿ ಬರೀ ಅಳುತ್ತಿದ್ದರು.

ಮನೆಯ ಹೊಸ್ತಿಲ ಮೇಲೆ ಕೂತೆ. ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲಲ್ಲಿ ಪ್ರಹ್ಲಾದನಿಗಾಗಿ ಕೂತವನೇ, ಮಗುವನ್ನು ತೋರಿಸು ಎಂದು ಹಣೆ ಚಚ್ಚಿಕೊಂಡೆ. ಮುಷ್ಟಿಯಲ್ಲಿ ಆ ಪೇಪರ್ ಇತ್ತು. ತಪ್ಪಿನ ಪಕ್ಕ ಟೀಚರ್ ಕೆಂಪು ಶಾಯಿಯಲ್ಲಿ ಗೆರೆ ಎಳೆದು ನಡುವೆ ಸೊನ್ನೆ ಬರೆದಿದ್ದರು. ಅಲ್ಲಿಂದ ಬಲಕ್ಕೆ ಎರಡು ಹೆಜ್ಜೆ, ಎಡಕ್ಕೂ ಎರಡು ಹೆಜ್ಜೆ. ಯಾವ ಕಡೆ ಹೋದರೂ ದೂರ ಎರಡೇ. ಆ ನೆಟ್ಟಗೆರೆಗಳು ಕೇಳಿದ್ದು ಸೊನ್ನೆಯಿಂದ ಆ ದೂರವನ್ನು ಮಾತ್ರ.

ನಾವೆಲ್ಲ ಮೇಲೆಯೇ ಹುಡುಕಿದ್ದೆವು. ಲಿಫ್ಟಿನಲ್ಲಿ ನಮ್ಮ ಮಹಡಿ ಸೊನ್ನೆ. ಅದರ ಕೆಳಗೂ ಎರಡು ಗುಂಡಿಗಳಿದ್ದವು.

ಇನ್‌ಹೇಲರ್ ಹಿಡಿದು ಇಳಿದೆ. ನೆಲದಡಿಯ ಮೈನಸ್ ಎರಡರಲ್ಲಿ ದೀಪವಿರಲಿಲ್ಲ. ಮುನಿಸಿನಲ್ಲಿ ಅವಳು ಎಳೆದುಕೊಂಡ ಪಂಪ್ ರೂಮಿನ ಕಬ್ಬಿಣದ ಬಾಗಿಲಿಗೆ ಹೊರಗಿನ ಚಿಲಕ ತಾನಾಗಿ ಬಿದ್ದಿತ್ತು. ತೆಗೆದಾಗ ಶ್ರಾವಣಿ ಗೋಡೆಗೊರಗಿ ಕೂತಿದ್ದಳು, ತುಟಿ ನೀಲಿಗಟ್ಟಿತ್ತು. ಇನ್‌ಹೇಲರ್ ಎಳೆದು, ಉಸಿರು ಹಿಡಿತಕ್ಕೆ ಬಂದ ಮೇಲೆ ನನ್ನ ಬೆನ್ನ ಹಿಂದೆ ನೋಡಿದಳು.

"ಮಮ್ಮಿ, ಆ ಅಜ್ಜ ಎಲ್ಲಿ ಹೋದ್ರು? ಡೋರ್ ಹತ್ರ, ಹೊಸ್ತಿಲ ಮೇಲೆ ಕೂತಿದ್ರು. ಕನ್ನಡದಲ್ಲೇ ಮಾತಾಡ್ತಾ ಇದ್ರು. ಹೆದರ್ಬೇಡ, ಅಮ್ಮ ಬರ್ತಾಳೆ ಅಂತ."

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಕನ್ನಡದ ಮನೆ ನಮ್ಮದೊಂದೇ. ಆಸ್ಪತ್ರೆಯಲ್ಲಿ ಡಾಕ್ಟರು ಇನ್ನು ಹತ್ತು ನಿಮಿಷ ತಡವಾಗಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು.

ಅಲ್ಲೇ ಇದ್ದವರು ಚಿಲಕ ತೆಗೆಯಲಿಲ್ಲವೇಕೆ ಎಂದು ಯಜಮಾನರು ಇಂದಿಗೂ ಕೇಳುತ್ತಾರೆ. ನನಗೆ ಆ ಸಂಶಯವಿಲ್ಲ. 'ಹೋಗು' ಎಂದವಳೇ ಬಂದು ತೆಗೆಯಬೇಕಿತ್ತು. ಅಲ್ಲಿಯವರೆಗೆ ನರಸಿಂಹ ಆ ಹೊಸ್ತಿಲಲ್ಲಿ ಕೂತು ಕಾದ. ಈಗ ಪ್ರತಿ ಶುಕ್ರವಾರ ಆ ಪಂಪ್ ರೂಮಿನ ಹೊಸ್ತಿಲಿಗೆ ಅರಿಶಿನ ಹಚ್ಚಿ ಬರುತ್ತೇನೆ. ಅಲ್ಲಿ ಒಬ್ಬಳೇ ನಿಲ್ಲಲು ಇನ್ನೂ ಭಯವಾಗುತ್ತದೆ, ಆದರೂ ನಿಲ್ಲುತ್ತೇನೆ.