ಬಚ್ಚಲ ನೀರಿಗೆ ಬಿರಿದ ಕಾಫಿ ಹೂ

ಕೇಳಿ ಗೆಳತಿಯರೇ, ಇವತ್ತು ಬೆಳಿಗ್ಗೆ ನಮ್ಮ ಹಿತ್ತಲಿನ ಕಾಫಿ ಗಿಡ ಮೈತುಂಬ ಹೂ ಬಿಟ್ಟಿತ್ತು. ಬೇಸಿಗೆಯ ಮೊದಲ ಮಳೆಗೆ ಬಿರಿಯಬೇಕಾದ ಹೂವು ಚಳಿ ಶುರುವಾಗುವಾಗಲೇ ಕೆಂಪು ಹಣ್ಣಿನ ಪಕ್ಕ ಬಂದು ಕೂತಿದೆ! ಹಣ್ಣು ಕೊಯ್ದರೆ ಹೂವು ಉದುರುತ್ತದೆ, ಮುಂದಿನ ವರ್ಷದ ಬೆಳೆ ಹೋದಂತೆಯೇ.

ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ನನ್ನ ಮಗ ಹೆಂಡತಿಯ ಮೇಲೆ ಹಾರಿಬಿದ್ದ. "ಈ ಗಿಡಕ್ಕೆ ಹೊತ್ತಲ್ಲದ ಹೊತ್ತಲ್ಲಿ ನೀರು ಹೊಯ್ದವಳು ನೀನೇ ತಾನೆ? ಹುತ್ತರಿ ಹಬ್ಬಕ್ಕೆ ತವರಿಗೆ ಹೋಗೋದೇನೂ ಬೇಡ, ಇಲ್ಲೇ ಇರು!"

ಈ ಐವತ್ತೆರಡರಲ್ಲಿ ನಮ್ಮ ಪುಟ್ಟ ಕೊಡಗು ರಾಜ್ಯಕ್ಕೂ ಸ್ವಂತ ಮುಖ್ಯಮಂತ್ರಿ ಬಂದಾಗಿನಿಂದ ಇವನೂ ಮನೆಯಲ್ಲಿ ಆರ್ಡರ್ ಹಾಕುತ್ತಾನೆ. ಸೊಸೆ ಅಳುತ್ತಾ, ಹೊರಡಲು ಕಟ್ಟಿದ್ದ ಬಟ್ಟೆ ಗಂಟು ಬಿಚ್ಚತೊಡಗಿದಳು.

ನಾನು ಅವನನ್ನು ಹಿತ್ತಲಿಗೆ ಕರೆದೆ. "ಬಾರೋ ದೊರೆ. ನಿನ್ನ ಡೇಲಿಯಾ ಗಿಡಗಳಿಗೆ ಅಂತ ಬಚ್ಚಲಿಂದ ಕಾಲುವೆ ತೋಡಿದ್ದು ಯಾರು? ಅದು ಯಾವ ಗಿಡದ ಬುಡದಲ್ಲಿ ಹೋಗ್ತದೆ ನೋಡು."

ನೋಡಿದ. ಅಂಗೈಯಗಲ ಅರಳಿದ ಡೇಲಿಯಾಗಳೂ ಅವನನ್ನೇ ನೋಡುತ್ತಿದ್ದವು.

"ಬಸ್ಸಿಗೆ ಹೊತ್ತಾಯ್ತು, ಹೊರಡು" ಎಂದು ಹೆಂಡತಿಗೆ ಗೊಣಗಿದ.

ನಾನು ಕಾಫಿ ಹೂವಿನದೇ ಒಂದು ಗೊಂಚಲು ಮುರಿದು ಸೊಸೆಗೆ ಮುಡಿಸಿದೆ.

"ಅವ್ವಾ, ಅದು ಬೆಳೆ!"

"ಹೌದು ಮಗ, ನೀನೇ ನೀರು ಹಾಯಿಸಿ ಬೆಳೆದದ್ದು."

ಸಂಜೆ ಕಾಲುವೆ ಮುಚ್ಚಿದ. ಈಗ ಡೇಲಿಯಾಗಳಿಗೆ ತಾನೇ ಬಿಂದಿಗೆಯಲ್ಲಿ ನೀರು ಹೊರುತ್ತಿದ್ದಾನೆ. ಹೆಂಡತಿ ತವರಲ್ಲಿದ್ದಾಳೆ, ಆರ್ಡರ್ ಯಾರಿಗೆ ಹಾಕುತ್ತಾನೆ?