ಬಾಳವ್ವನ ಗಂಟಿನಲ್ಲಿದ್ದ ಏಳು ಪತ್ರ

2002ರಲ್ಲಿ ನಾನು ಹುಕ್ಕೇರಿಯಲ್ಲಿ ವಕೀಲಿಕೆಯ ಜೊತೆಗೆ ನೋಟರಿ ಕೆಲಸವನ್ನೂ ಮಾಡುತ್ತಿದ್ದೆ. ಸಹಿ ಮಾಡುವವನು ಅವನೇ ಹೌದೋ ಎಂದು ನೋಡಿ ಮುದ್ರೆ ಒತ್ತುವುದು ನೋಟರಿಯ ಕೆಲಸ. ಬರೆದದ್ದರ ಸತ್ಯಾಸತ್ಯ ಸಹಿ ಮಾಡಿದವನ ತಲೆಗೆ. ಈ ಮಾತಿನ ನೆರಳಲ್ಲಿ ಬಹಳ ವರ್ಷ ನಿಶ್ಚಿಂತೆಯಿಂದ ಕೂತಿದ್ದೆ.

ಆ ಬೇಸಿಗೆಯಲ್ಲಿ ಬೆಲ್ಲದ ಬಾಗೇವಾಡಿಯ ಸುರೇಶ ಒಂದು ಅಫಿಡವಿಟ್ ತಂದ. ಅವನ ತಂಗಿ ಶೈಲಾಳನ್ನು ಆಸ್ಟ್ರೇಲಿಯಾದಲ್ಲಿದ್ದ ಮೂಡಲಗಿಯ ವರನಿಗೆ ಕೊಟ್ಟಿದ್ದರು. ‘ತಂಗಿ ಸುಖವಾಗಿದ್ದಾಳೆ, ಯಾವ ಪತ್ರದಲ್ಲೂ ಗಂಡನ ಮೇಲೆ ದೂರಿಲ್ಲ’ ಎಂದು ಬರೆದಿತ್ತು.

“ವೀಸಾಕ್ಕ ಬೇಕಂತ್ರಿ, ವಕೀಲ್ರ.”

“ತಂಗಿ ಅರಾಮ ಅದಾಳಿಲ್ಲೋ?”

“ರಾಣಿ ಇದ್ದಂಗ ಅದಾಳ್ರಿ. ನಮ್ಮನ್ನೂ ಮರತಾಳ!”

ನಕ್ಕು ಮುದ್ರೆ ಒತ್ತಿದೆ. ಅವನು ತಂದ ಗೋಕಾಕ ಕರದಂಟನ್ನೂ ತಿಂದೆ.

ನಾಲ್ಕು ತಿಂಗಳ ಮೇಲೆ ಅವನ ತಾಯಿ ಬಾಳವ್ವ ಒಬ್ಬಳೇ ಬಂದಳು. ಬಗಲಲ್ಲಿ ಗಂಟು, ಮುಖದಲ್ಲಿ ಸಿಟ್ಟು. ಗಂಡ ಹೊಡೆಯುತ್ತಾನೆ, ಮನೆ ಬಿಟ್ಟಿದ್ದೇನೆ, ವೀಸಾ ನಿರಾಕರಿಸಿದ್ದಾರೆ ಎಂದು ಶೈಲಾ ಊರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದ್ದಳಂತೆ.

“ಸುಳ್ಳ ಬೊಗಳ್ಯಾಳ್ರಿ! ಇವು ಅಕೀವ ಏಳ ಪತ್ರ. ಸುರೇಶನ ಓದಿ ಹೇಳ್ಯಾನ, ಎಲ್ಲಾದರಾಗೂ ಅರಾಮ ಅದೇನಿ ಅಂತ ಐತಿ. ನೀವ ಓದಿ, ಅಕಿಗಿ ಫೋನ್ ಹಚ್ಚಿ ಬೈರಿ.”

ಹೌದು, ಎಲ್ಲದರ ಮೊದಲ ಸಾಲೂ ಅದೇ. ಎರಡನೇ ಪತ್ರದ ಮೂರನೇ ಸಾಲಿಗೆ ನನ್ನ ದನಿ ನಿಂತಿತು.

“ಯಾಕ್ರಿ? ಓದ್ರಿ ಮುಂದ.”

ಓದಿದೆ. ‘ಅವ್ವಾ, ಎಡಗಿವಿ ಕೇಳಸವಲ್ದು. ಬಿದ್ದೆ ಅಂತ ಡಾಕ್ಟರಿಗಿ ಹೇಳಂದ್ರು ಇವ್ರು. ಅಣ್ಣಗ ಹೇಳಿ ನನ್ನ ಕರಸ್ಕೋ.’

ಬಾಳವ್ವ ಉಳಿದ ಪತ್ರಗಳನ್ನೂ ನನ್ನ ಮುಂದೆ ಸರಿಸಿದಳು. ಏಳನೆಯದು ಹೀಗಿತ್ತು: ‘ಹೊಂದಕೊಂಡ ಹೋಗು ಅಂತ ಬರಸೀದಿ. ಇನ್ನ ನಿಮ್ಮ ಮನಿಗಿ ಬರೂದಿಲ್ಲ ಅವ್ವಾ. ಇಲ್ಲೇ ದುಡದ ತಿಂತೇನಿ.’

“ನಾ ಹಂಗ ಬರಸಿಲ್ರಿ!” ಎಂದು ಚೀರಿದಳು. “ಉಂಡಿ ಕಳಸ್ಲೇನು ಅಂತ ಬರಸಿದ್ದೆ. ಅಂವಾ ಏನ ಬರದಾನ್ರಿ?”

ಸುರೇಶನನ್ನು ಕರೆಸಿದೆ. ಅವನ ಹೆಂಡತಿ ಶೈಲಾಳ ಗಂಡನ ತಂಗಿ. ಹೆಣ್ಣು ಕೊಟ್ಟು ಹೆಣ್ಣು ತಂದ ಸಂಬಂಧ. “ಅಕಿ ಪರ ನಿಂತ್ರ ನನ್ನ ಹೆಂಡ್ತಿನ್ನ ಮೂಡಲಗಿಗಿ ಎಳಕೊಂಡ ಹೊಕ್ಕಾರ್ರಿ. ನಾ ಏನ ಮಾಡ್ಲಿ?” ಎಂದ. ತಾಯಿಯ ಮುಖ ನೋಡಲಿಲ್ಲ.

ಮದುವೆಯ ಮೇಲೆ ಸಿಕ್ಕ ತಾತ್ಕಾಲಿಕ ವೀಸಾ ಮದುವೆ ಮುರಿದರೆ ಮುಗಿಯುತ್ತದೆ. ಆದರೆ ಹಿಂಸೆಯಿಂದ ಮುರಿಯಿತೆಂದು ಸಾಬೀತಾದರೆ ಹೆಣ್ಣುಮಗಳು ಅಲ್ಲೇ ಉಳಿಯಬಹುದು. ಶೈಲಾ ಅದನ್ನೇ ಕೇಳಿದ್ದಳು. ಗಂಡ ಅಧಿಕಾರಿಗಳ ಮುಂದಿಟ್ಟದ್ದು ಅಣ್ಣನ ಅಫಿಡವಿಟ್, ನನ್ನ ಮುದ್ರೆಯೊಂದಿಗೆ.

ಮೇಲ್ಮನವಿಗಾಗಿ ಪತ್ರಗಳ ಅನುವಾದದ ಜೊತೆಗೆ ಬಾಳವ್ವನ ಹೆಸರಲ್ಲಿ ಹೊಸ ಅಫಿಡವಿಟ್ ಬರೆದೆ. ಬರೆದವನು ನಾನೇ ಆದ್ದರಿಂದ ನೋಟರಿ ಮುದ್ರೆಗೆ ಈ ಸಲ ಬೇರೊಬ್ಬರ ಬಳಿ ಹೋಗುವುದಿತ್ತು. ಓದಿ ಹೇಳಿದೆ. ಅಷ್ಟಕ್ಕೇ ಹೆಬ್ಬೆಟ್ಟು ಒತ್ತಲು ಅವಳು ಒಪ್ಪಲಿಲ್ಲ. ಎದ್ದು ಹೊರಗೆ ಹೋಗಿ, ಚಹಾ ಅಂಗಡಿಯಲ್ಲಿ ಕೂತಿದ್ದ ಅಪರಿಚಿತ ಮಾಸ್ತರರೊಬ್ಬರನ್ನು ಕರೆತಂದಳು.

“ನೀವ ಓದ್ರಿ, ಸರ. ಒಂದ ಸಾಲ ಸೈತ ಬಿಡಬ್ಯಾಡ್ರಿ.”

ಅವರು ಓದುವಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿದೆ.

ಮರುವರ್ಷ ನಿರಾಕರಣೆ ರದ್ದಾಗಿ ಶೈಲಾ ಅಲ್ಲೇ ಉಳಿದಳು. ಅಣ್ಣನ ಮನೆಗೆ ಮತ್ತೆ ಪತ್ರ ಬರಲಿಲ್ಲ.

ಅಂದಿನಿಂದ ಓದುಬಾರದವರು ಹೆಬ್ಬೆಟ್ಟು ಒತ್ತುವ ಮುನ್ನ ಸಂಬಂಧವಿಲ್ಲದ ಒಬ್ಬರಿಂದ ಮತ್ತೊಮ್ಮೆ ಓದಿಸುತ್ತೇನೆ. “ಯಾಕ್ರಿ, ನಿಮ್ಮ ಮ್ಯಾಲ ನಂಬಿಕಿ ಐತಲ್ರಿ” ಎನ್ನುತ್ತಾರೆ. ಬಾಳವ್ವನಿಗೂ ಮಗನ ಮೇಲೆ ಇತ್ತು ಎನ್ನುತ್ತೇನೆ.