ಕಾಕಾನ ಬಾಯಿಂದ ನಮ್ಮ ಮಾತು

ಮಹಿಳಾ ದಿನಾಚರಣೆಯ ವೇದಿಕೆಗಳಲ್ಲಿ ಈ ಸಂಗತಿಯನ್ನು ಹಲವು ಸಲ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಅದು ನುಣುಪಾಗುತ್ತ ಹೋಗಿದೆ. ಅದಕ್ಕೇ ಇಲ್ಲಿ ಅನುಮಾನಿಸುತ್ತ ಬರೆಯುತ್ತಿದ್ದೇನೆ.

ಜಲನಗರದಲ್ಲಿ ಒಂದು ದವಾಖಾನೆಯ ಮೇಲಿನ ಮಹಡಿಯಲ್ಲಿ ನನ್ನ ಸಾಫ್ಟ್‌ವೇರ್ ಆಫೀಸು. ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಯಾವ ರೈತನ ಪೆಟ್ಟಿಗೆ ಯಾವ ಕೋಣೆಯಲ್ಲಿದೆ ಎಂದು ತೋರಿಸುವ ಸಾಫ್ಟ್‌ವೇರ್ ಮಾಡುತ್ತೇವೆ. ಕೆಲಸ ಮಾಡುವವರೆಲ್ಲ ಹೆಣ್ಣುಮಕ್ಕಳು. ಅದು ಧ್ಯೇಯವೇನೂ ಆಗಿರಲಿಲ್ಲ. ಮೊದಲು ಬಂದವಳು ಗೆಳತಿಯನ್ನು ಕರೆತಂದಳು, ಆ ಗೆಳತಿ ತನ್ನ ನಾದಿನಿಯನ್ನು.

ಆ ವರ್ಷ ನನಗೆ ಸಾಕಾಗಿತ್ತು. ಬೆಳಿಗ್ಗೆ ಮೆಟ್ಟಿಲು ಹತ್ತುವಾಗಲೇ ಸಂಜೆಯ ದಣಿವು. ಆಫೀಸನ್ನು ವಹಿಸಿಕೊಳ್ಳಬಲ್ಲವಳು ಒಬ್ಬಳೇ ಇದ್ದಳು: ಗಾಂಧಿ ಚೌಕದಲ್ಲಿ ನಲ್ಲಿ-ಪೈಪಿನ ಅಂಗಡಿ ಇಟ್ಟವರ ಮಗಳು, ನಮ್ಮ ಪ್ರೋಗ್ರಾಂಗಳ ಬಹುಪಾಲು ಬರೆದವಳು. ಆಕೆ ಒಲ್ಲೆ ಎಂದರೆ ಬೀಗ ಹಾಕುವುದೊಂದೇ ದಾರಿ.

ಆಕೆ ಒಲ್ಲೆ ಅಂದಳು.

“ಕುರ್ಚಿ ನಮ್ಮ ಅಬ್ಬಾನ ಅಂಗಡ್ಯಾಗೂ ಅದಾವ್ರಿ ಅಕ್ಕಾರ. ಟಿಕೋಟಾಕ ಹೋಗಿ ಕಾಕಾನ ಹಿಂದ ಕೂಡೂದು ಮಾತ್ರ ನನ್ನಿಂದ ಆಗೂದಿಲ್ಲ.”

ಕಾಕಾ ಎಂದರೆ ನಮ್ಮ ಕಾರಿನ ಡ್ರೈವರ್. ಬಿಜ್ಜರಗಿ ಊರಿನವರು. ದಪ್ಪ ಮೀಸೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಟಿಕೋಟಾ, ಬಬಲೇಶ್ವರದ ಕೋಲ್ಡ್ ಸ್ಟೋರೇಜ್ ಮಾಲೀಕರು ಕಾರಿನಿಂದ ಇಳಿದ ಗಂಡಸಿನ ಜೊತೆಗೇ ವ್ಯವಹಾರ ಮಾತಾಡುತ್ತಿದ್ದರು. ಮೊದಮೊದಲು ನಾನು ಅವರನ್ನು ತಿದ್ದಿದೆ. ಆಮೇಲೆ ಅದನ್ನೇ ರೂಢಿ ಮಾಡಿಕೊಂಡೆವು: ಮಾಲೀಕರು ಕಾಕಾನನ್ನು ಕೇಳುವುದು, ಕಾಕಾ ನನ್ನತ್ತ ತಿರುಗುವುದು, ನಾನು ಮೆಲ್ಲಗೆ ಹೇಳಿದ್ದನ್ನು ಕಾಕಾ ಗಟ್ಟಿಯಾಗಿ ಹೇಳುವುದು. ಎಲ್ಲರೂ ಒಂದೇ ಟೇಬಲ್ಲಿನ ಸುತ್ತ ಕೂತು. ಮಾತು ಬೇಗ ಮುಗಿಯುತ್ತಿತ್ತು. ನನಗೆ ಬೇಕಿದ್ದದ್ದು ಅಷ್ಟೇ.

“ಇನ್ನೊಂದ್ಸಲ ಬಂದು ನೋಡು” ಎಂದು ಆಕೆಯನ್ನು ಟಿಕೋಟಾದ ಒಂದು ಕೋಲ್ಡ್ ಸ್ಟೋರೇಜ್‌ಗೆ ಕರೆದೊಯ್ದೆ. ಅಂದು ಬಿಸಿಲಿತ್ತು. ಮೋಡ ಎಂದು ಬರೆದು ಹೊಡೆದುಹಾಕಿದ್ದೇನೆ. ಮೋಡ ಯಾವುದೋ ವೇದಿಕೆಯಲ್ಲಿ ಸೇರಿಕೊಂಡದ್ದು. ರೈತರು ಮನೆಯಲ್ಲೇ ಕೂತು ಮೊಬೈಲಿನಲ್ಲಿ ತಮ್ಮ ಮಾಲು ನೋಡುವಂತಾಗಬೇಕು ಎಂದರು ಮಾಲೀಕರು. ಕಾಕಾನಿಗೆ.

“ಯಾವಾಗ ಕೊಡ್ತೀರಿ ಸಾಹೇಬ್ರ?”

ಈ ಸಲ ಕಾಕಾ ನನ್ನತ್ತ ತಿರುಗಲೇ ಇಲ್ಲ. ಅಷ್ಟು ಅಭ್ಯಾಸವಾಗಿತ್ತು. “ಸೀಸನ್ ಸುರು ಆಗೂದ್ರಾಗ ನಿಮ್ಮ ಕೈಯಾಗ ಇಡ್ತೇವ್ರಿ.”

ನಾನು ಚಹಾ ಕುಡಿಯುತ್ತಿದ್ದೆ. ವಾಪಸು ಹೋಗುವಾಗ ಕಾರಿನಲ್ಲಿ ಮಾತಾಡಿದರಾಯಿತು ಎನಿಸಿತು.

“ಆಗೂದಿಲ್ರಿ,” ಅಂದಳು ಆಕೆ.

ಮಾಲೀಕರು ಕಾಕಾನನ್ನೇ ಕೇಳಿದರು. “ಏನಂತಾಳ್ರಿ ಈ ಹುಡುಗಿ?”

“ಅವ್ರಿಗೇನ್ ಕೇಳ್ತೀರಿ, ಅವ್ರು ಗಾಡಿ ಹೊಡೀತಾರ. ಪ್ರೋಗ್ರಾಂ ಬರಿಯಾಕಿ ನಾ. ಸೀಸನ್ ಮುಗಿದ ಮ್ಯಾಲ ಕೊಡ್ತೀನಿ.”

ವೇದಿಕೆಯ ಮೇಲೆ ಇಲ್ಲಿ ನಾನು ಆಕೆಯನ್ನು ಎದ್ದು ನಿಲ್ಲಿಸುತ್ತೇನೆ. ನಿಜವಾಗಿ ಎದ್ದಳೇ? ಕೂತೇ ಹೇಳಿದಳು, ಕೈಯಲ್ಲಿ ಅರ್ಧ ಬಿಸ್ಕೀಟಿತ್ತು ಎಂದು ಕಾಣುತ್ತದೆ. ಕಾಕಾನ ಮುಖ ಸಣ್ಣದಾಯಿತು. ಅದನ್ನು ಅಲ್ಲಿ ಹೇಳುವುದಿಲ್ಲ.

ಮಾಲೀಕರು ನಕ್ಕರು. “ಪೆಟಗಿ ಖಾಲಿ ಆದ ಮ್ಯಾಲ ಏನ್ ನೋಡ್ಲೋ ಯಪ್ಪಾ, ಗ್ವಾಡಿ ನೋಡ್ಲೇನು?” ಅದೂ ಕಾಕಾನಿಗೇ. ಆ ಕೆಲಸ ನಮಗೆ ಸಿಗಲಿಲ್ಲ. ವೇದಿಕೆಯಲ್ಲಿ ಸಿಗುತ್ತದೆ.

ವಾಪಸು ಬರುವಾಗ ಕಾಕಾ ರಸ್ತೆ ನೋಡುತ್ತಲೇ ಕೇಳಿದರು. “ನಾ ಏನ್ ತಪ್ಪ ಮಾಡೀನಿ ತಂಗಿ? ಹಿಂಗ ಮಾತಾಡಾಕ ಕಲಿಸಿದವ್ರು ಮೇಡಮ್ಮರ ಅಲ್ಲೇನು?”

“ನೀವೇನೂ ತಪ್ಪ ಮಾಡಿಲ್ರಿ ಕಾಕಾ,” ಎಂದು ಆಕೆ ನನ್ನ ಕಡೆ ತಿರುಗಿದಳು. “ಅಕ್ಕಾರ, ಆಫೀಸ್ ನಾ ನೋಡ್ಕೋತೀನಿ. ಆದ್ರ ಮಾಲೀಕರ ಹಂತ್ಯಾಕ ನಾ ಒಬ್ಬಾಕಿನ ಹೋಗಾಕಿ. ಕಾಕಾ ಬ್ಯಾಡ, ನೀವೂ ಬ್ಯಾಡ.”

“ನಾ ಯಾಕ ಬ್ಯಾಡ?”

“ನೀವು ಸುಮ್ಮ ಚಾ ಕುಡಕೋತ ಕುಂತ್ರಿ.”

ಹೂಂ ಅಂದೆ.

ಕೆಲವು ದಿನಗಳ ಮೇಲೆ ಬಬಲೇಶ್ವರದಲ್ಲಿ ಇನ್ನೊಬ್ಬ ಮಾಲೀಕರ ಭೇಟಿ. ಬೇಡವೆಂದರೂ ಗೇಟಿನವರೆಗೆ ಹೋಗಿದ್ದೆ. ಆಕೆ ಲ್ಯಾಪ್‌ಟಾಪ್ ಬಗಲಲ್ಲಿ ಹಿಡಿದು ಒಳಗೆ ಹೋದಳು. ನಾನೂ ಕಾಕಾನೂ ಕಾರಿನಲ್ಲೇ ಉಳಿದೆವು. ಬಹಳ ಹೊತ್ತಾಯಿತು. ಕಾಕಾ ಕಿಟಕಿ ಇಳಿಸಿ ಕಿವಿಗೊಟ್ಟರು.

“ಒಳಗ ಏನ್ ನಡದೈತ್ರಿ ಮೇಡಮ್?”

ನನಗೆ ಗೊತ್ತಿರಲಿಲ್ಲ. ಸೀಟನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದೆ.